ಜನತೆಯ ಸ್ವಭಾವ, ಆಳುವವರ ನೀತಿ: ಬಾದಾಮಿಯ ಚರಿತ್ರೆ ಹೇಳುವುದೇನು?

‘ಆ ಸೀಮೆಯವರು ಸಿಡುಕರು’, ‘ಈ ಜಾತಿಯವರು ಜಿಪುಣರು’, ‘ಆ ದೇಶದವರು ಪುಕ್ಕಲರು’ ಎಂಬ ಮಾತುಗಳನ್ನು ನಾವು ಸಲೀಸಾಗಿ ಆಡಿಬಿಡುತ್ತೇವೆ. ಮಾತು ಜಗಲಿಯಲ್ಲೇ ಉಳಿದರೆ ಅದರ ಕೇಡು ಚಿಕ್ಕದು. ಅದೇ ಮಾತನ್ನು ನಂಬಿ ಸೇನಾಪತಿ ಯುದ್ಧ ಹೂಡಿದರೆ, ಅಧಿಕಾರಿ ಕಾನೂನು ಬರೆದರೆ, ಸಾವಿರಾರು ಜನರ ಬದುಕು ಅದರಿಂದ ನಿರ್ಧಾರವಾಗುತ್ತದೆ. ಒಂದು ಜನತೆಗೆ ಎಂದೂ ಬದಲಾಗದ ಸ್ವಭಾವವೆಂಬುದು ಇದೆಯೇ? ಆಳುವವನು ಜನರ ಮನಸ್ಸಿನೊಡನೆ ಹೇಗೆ ವರ್ತಿಸಬೇಕು? ಶಿವಯೋಗ ಮಂದಿರದ ಮಗ್ಗುಲಲ್ಲಿ ಹರಿದು ಪಟ್ಟದಕಲ್ಲು, ಐಹೊಳೆಗಳತ್ತ ಸಾಗುವ ಮಲಪ್ರಭೆಯ ಸೀಮೆಯ ಚರಿತ್ರೆಯಲ್ಲಿ ಈ ಪ್ರಶ್ನೆಗಳಿಗೆ ಬೆಲೆಯುಳ್ಳ ಉತ್ತರಗಳಿವೆ.

ಹಿಜರಿ 13ನೆಯ ವರ್ಷ, ಅಂದರೆ ಕ್ರಿ.ಶ. 634ರಲ್ಲಿ, ಮದೀನಾದಲ್ಲಿ ಹಝ್ರತ್ ಅಬೂಬಕರ್(ರ) ನಿಧನರಾಗಿ ಹಝ್ರತ್ ಉಮರ್(ರ) ಖಲೀಫರಾದರು. ಸರಿಸುಮಾರು ಅದೇ ಹೊತ್ತಿಗೆ ಐಹೊಳೆಯ ಮೇಗುಟಿ ಬೆಟ್ಟದ ಮೇಲೆ ರವಿಕೀರ್ತಿ ಎಂಬ ಜೈನ ಕವಿ ತನ್ನ ದೊರೆ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಶಾಸನವಾಗಿ ಬರೆಸಿದನು. ಉತ್ತರಾಪಥದ ಹರ್ಷವರ್ಧನನನ್ನು ನರ್ಮದೆಯ ಬಳಿ ತಡೆದ ಕೀರ್ತಿ ಪುಲಕೇಶಿಯದು. ಕ್ರಿ.ಶ. 641ರ ಸುಮಾರಿಗೆ ಆತನ ರಾಜ್ಯಕ್ಕೆ ಚೀನಾದ ಬೌದ್ಧ ಯಾತ್ರಿಕ ಹ್ಯುಯೆನ್ ತ್ಸಾಂಗ್ ಬಂದನು. ಆತ ಈ ರಾಜ್ಯವನ್ನು ಮಹಾರಾಷ್ಟ್ರವೆಂದು ಕರೆದು, ಇಲ್ಲಿನ ಜನರ ಗುಣಸ್ವಭಾವವನ್ನು ವಿವರವಾಗಿ ದಾಖಲಿಸಿದನು.

ಆತನ ವರದಿಯ ಸಾರ ಹೀಗಿದೆ: ಈ ಜನರು ಸರಳರು, ಪ್ರಾಮಾಣಿಕರು, ವಿದ್ಯೆಯಲ್ಲಿ ಆಸಕ್ತರು. ಉಪಕಾರ ಮಾಡಿದವರನ್ನು ಮರೆಯರು, ಅಪಮಾನ ಮಾಡಿದವರನ್ನು ಬಿಡರು. ಕಷ್ಟದಲ್ಲಿರುವವರು ನೆರವು ಬೇಡಿದರೆ ತಮ್ಮನ್ನೇ ಮರೆತು ಧಾವಿಸುತ್ತಾರೆ. ಸೇಡು ತೀರಿಸುವ ಮೊದಲು ಶತ್ರುವಿಗೆ ಎಚ್ಚರಿಕೆ ನೀಡುತ್ತಾರೆ.

ಇದರ ಬೆನ್ನಿಗೇ ಆತ ಇನ್ನೆರಡು ಸಂಗತಿಗಳನ್ನು ಹೇಳುತ್ತಾನೆ. ಯುದ್ಧಕ್ಕೆ ಮುನ್ನ ಯೋಧರಿಗೂ ಆನೆಗಳಿಗೂ ಮದ್ಯ ಕುಡಿಸುತ್ತಿದ್ದರು. ಸೋತು ಬಂದ ಸೇನಾನಿಗೆ ಬೇರೆ ಶಿಕ್ಷೆಯಿರಲಿಲ್ಲ. ಹೆಂಗಸರ ಉಡುಪನ್ನು ಕೊಡುತ್ತಿದ್ದರು. ಆ ಅವಮಾನ ತಾಳಲಾರದೆ ಹಲವರು ತಾವೇ ಪ್ರಾಣ ಬಿಡುತ್ತಿದ್ದರು. ಜನರಲ್ಲಿದ್ದ ಅಭಿಮಾನವನ್ನು ಅರಸೊತ್ತಿಗೆಯು ಆಯುಧವನ್ನಾಗಿ ಮಾಡಿಕೊಂಡಿದ್ದ ಬಗೆ ಇದು. ಭಯವನ್ನು ಮದ್ಯದಿಂದ ಮರೆಸುವುದು, ಸೋಲನ್ನು ನಾಚಿಕೆಯಿಂದ ದಂಡಿಸುವುದು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಮನೋವೈಜ್ಞಾನಿಕ ಯುದ್ಧತಂತ್ರ.

ಈ ವರದಿಯ ಕಾಲಕ್ಕೆ ಒಂದು ವರ್ಷ ಸಂದಿತ್ತೋ ಇಲ್ಲವೋ, ಕ್ರಿ.ಶ. 642ರಲ್ಲಿ ಪಲ್ಲವ ನರಸಿಂಹವರ್ಮನ ಸೇನೆ ಬಾದಾಮಿಯನ್ನು ವಶಪಡಿಸಿಕೊಂಡಿತು. ಆತ ‘ವಾತಾಪಿಕೊಂಡ’ ಎಂಬ ಬಿರುದನ್ನು ಧರಿಸಿದನು. ಮುಂದೆ ಸುಮಾರು ಹದಿಮೂರು ವರ್ಷ ಚಾಲುಕ್ಯರ ಆಳ್ವಿಕೆ ಸ್ಥಿರವಾಗಿ ನೆಲೆಗೊಳ್ಳಲಿಲ್ಲ. ಯಾತ್ರಿಕನು ಕಂಡ ಶೌರ್ಯ, ಕೃತಜ್ಞತೆ, ಸ್ವಾಭಿಮಾನಗಳು ಒಂದೇ ವರ್ಷದಲ್ಲಿ ಆವಿಯಾಗಿದ್ದವೇ? ಖಂಡಿತ ಇಲ್ಲ. ಜನರ ಗುಣಪಟ್ಟಿಯನ್ನು ಓದಿ ರಾಜ್ಯದ ಅಳಿವು-ಉಳಿವನ್ನು ಲೆಕ್ಕ ಹಾಕಲಾಗದು ಎಂಬುದೇ ಇದರ ಮೊದಲ ಪಾಠ.

ಸೋತು ಬಂದವರನ್ನು ಹೇಗೆ ಕಾಣಬೇಕೆಂಬ ಪ್ರಶ್ನೆ ಅದೇ ಕಾಲದ ಅರೇಬಿಯಾದಲ್ಲೂ ಎದುರಾಗಿತ್ತು. ಹಿಜರಿ 8ನೆಯ ವರ್ಷ, ಕ್ರಿ.ಶ. 629ರಲ್ಲಿ, ಮುಅ್‌ತಾ ಎಂಬಲ್ಲಿ ರೋಮನ್ನರ ದೊಡ್ಡ ಸೇನೆಯೆದುರು ಮೂವರು ದಂಡನಾಯಕರು ಒಬ್ಬರ ನಂತರ ಒಬ್ಬರಾಗಿ ಹುತಾತ್ಮರಾದರು. ಹಝ್ರತ್ ಖಾಲಿದ್ ಬಿನ್ ವಲೀದ್(ರ) ಉಳಿದ ಯೋಧರನ್ನು ಜಾಣ್ಮೆಯಿಂದ ಹಿಂದಕ್ಕೆ ಕರೆತಂದರು. ಮದೀನಾದ ಕೆಲವರು ಅವರ ಮೇಲೆ ಮಣ್ಣು ತೂರಿ, ‘ಓಡಿ ಬಂದವರು’ ಎಂದು ಮೂದಲಿಸಿದರು. ಪ್ರವಾದಿವರ್ಯರು(ಸ) ಆ ಹೆಸರನ್ನು ಒಪ್ಪದೆ, ಇವರು ಓಡಿ ಬಂದವರಲ್ಲ, ಅಲ್ಲಾಹನು ಬಯಸಿದರೆ ಮತ್ತೆ ಮುನ್ನುಗ್ಗುವವರು ಎಂದು ಹೇಳಿದರೆಂದು ಸೀರಃ ಗ್ರಂಥಗಳು ತಿಳಿಸುತ್ತವೆ. ಕೆಲವೇ ತಿಂಗಳ ನಂತರ ಮಕ್ಕಾ ವಿಜಯದ ದಿನ ಸೇನೆಯ ಒಂದು ತುಕಡಿಯನ್ನು ನಡೆಸಿದವರು ಇದೇ ಖಾಲಿದ್(ರ).

ಎರಡೂ ಕಡೆ ಯೋಧರ ಅಭಿಮಾನ ಒಂದೇ ಬಗೆಯದು, ಸೋಲಿನ ನೋವೂ ಒಂದೇ ಬಗೆಯದು. ಒಂದು ಕಡೆ ಆ ನೋವಿಗೆ ಹೆಂಗಸರ ಉಡುಪು ದೊರೆಯಿತು, ಇನ್ನೊಂದು ಕಡೆ ಹೊಸ ಹೆಸರು ದೊರೆಯಿತು. ಸೋತ ಸೇನಾನಿ ಪ್ರಾಣ ಬಿಟ್ಟಾಗ ಆತ ಸೋಲಿನಿಂದ ಕಲಿತ ಅನುಭವವೂ ಅವನೊಡನೆ ಮಣ್ಣುಪಾಲಾಗುತ್ತದೆ. ಸೋತವನನ್ನು ಉಳಿಸಿಕೊಂಡ ಸಮಾಜಕ್ಕೆ ಆ ಅನುಭವವು ಬಂಡವಾಳವಾಗುತ್ತದೆ.

ಸೇಡಿನ ಜನರೆಂಬ ಚಿತ್ರವಾದರೂ ಸ್ಥಿರವಾಗಿ ಉಳಿಯಿತೇ? ಅದೂ ಇಲ್ಲ. ಬಾದಾಮಿ ಸೋತು ಸುಮಾರು ನೂರು ವರ್ಷಗಳ ನಂತರ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರನ್ನು ಗೆದ್ದು ಕಂಚಿಯನ್ನು ಪ್ರವೇಶಿಸಿದನು. ಪ್ರತೀಕಾರಕ್ಕೆ ಅದಕ್ಕಿಂತ ತಕ್ಕ ಗಳಿಗೆ ಬೇರೆ ಇರಲಿಲ್ಲ. ಆದರೆ ಆತ ನಗರವನ್ನು ನಾಶ ಮಾಡಲಿಲ್ಲ. ಅಲ್ಲಿನ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ಕಂಡು ಅದನ್ನು ದೇವಾಲಯಕ್ಕೇ ಮರಳಿ ಬಿಟ್ಟುಕೊಟ್ಟನು. ಆತನ ಕನ್ನಡ ಶಾಸನ ಆ ದೇವಾಲಯದಲ್ಲಿ ಇಂದಿಗೂ ಇದೆ. ಇದರಿಂದ ಎರಡು ಮನೆತನಗಳ ಯುದ್ಧಗಳು ಸಂಪೂರ್ಣ ನಿಂತವೆಂದಲ್ಲ. ಆದರೂ ಅಪಮಾನವನ್ನು ಮರೆಯದ ಜನರೆಂದು ಹೆಸರಾದ ನಾಡಿನ ಅರಸನು ಗೆದ್ದ ಊರಿನಲ್ಲಿ ಔದಾರ್ಯ ತೋರಬಲ್ಲವನಾದನು. ಅದಕ್ಕೂ ಒಂದು ಶತಮಾನ ಮೊದಲು ಮಕ್ಕಾದಲ್ಲಿ ಸಾರ್ವತ್ರಿಕ ಕ್ಷಮೆಯನ್ನು ಕಂಡ ಚರಿತ್ರೆಯ ಓದುಗನಿಗೆ ಇದು ಅಪರಿಚಿತ ದೃಶ್ಯವಲ್ಲ.

ಹದಿನಾಲ್ಕನೆಯ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ತಮ್ಮ ‘ಮುಕದ್ದಿಮ’ದಲ್ಲಿ ಇದಕ್ಕೊಂದು ವಿವರಣೆ ಕೊಟ್ಟಿದ್ದಾರೆ. ಅವರ ದೃಷ್ಟಿಯಲ್ಲಿ ಮನುಷ್ಯನನ್ನು ರೂಪಿಸುವುದು ಹುಟ್ಟುಗುಣಕ್ಕಿಂತ ಹೆಚ್ಚಾಗಿ ರೂಢಿ ಮತ್ತು ಅಭ್ಯಾಸ. ದಬ್ಬಾಳಿಕೆಯ ಆಳ್ವಿಕೆಯಲ್ಲಿ ಬೆಳೆದವರ ಧೈರ್ಯ ಕುಗ್ಗುತ್ತದೆ. ಅತಿಯಾದ ಕಠಿಣತೆಯಲ್ಲಿ ಬೆಳೆದ ಮಕ್ಕಳು ಸುಳ್ಳು ಮತ್ತು ಕಪಟವನ್ನು ಕಲಿಯುತ್ತಾರೆ. ಅಂದರೆ ಆಳುವವನು ಜನರ ಸ್ವಭಾವದ ಪ್ರೇಕ್ಷಕನಲ್ಲ, ಅದನ್ನು ರೂಪಿಸುವವರಲ್ಲಿ ಅವನೂ ಒಬ್ಬನು.

ಇದನ್ನು ಅರಿಯದ ನೀತಿಯ ಫಲವನ್ನು ಇದೇ ಬಾಗಲಕೋಟೆ ಜಿಲ್ಲೆ ಕಂಡಿದೆ. 1857ರಲ್ಲಿ ಬ್ರಿಟಿಷರು ಜನರ ಆಯುಧಗಳನ್ನು ಕಸಿಯುವ ಕಾಯ್ದೆಯನ್ನು ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಳುವವರಿಗೆ ಅದು ಮುನ್ನೆಚ್ಚರಿಕೆಯ ಕ್ರಮ. ಬೇಡರಿಗೆ ಆಯುಧವೆಂದರೆ ಹೊಟ್ಟೆಪಾಡು ಮತ್ತು ಮಾನ. ನವೆಂಬರ್ ಕೊನೆಯಲ್ಲಿ ಸೇನೆ ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ನಮ್ಮ ಮಕ್ಕಳು ಶಾಲೆಯಲ್ಲಿ ಆ ಲಾವಣಿಯನ್ನು ಓದುತ್ತಾರೆ. ಹ್ಯುಯೆನ್ ತ್ಸಾಂಗ್ ಕಂಡ ಗುಣವೇ ಸಾವಿರದ ಇನ್ನೂರು ವರ್ಷಗಳ ನಂತರ ಇಲ್ಲಿ ಹೊರಬಂದಿತೆಂದು ಹೇಳುವುದು ಸುಲಭ, ಆದರೆ ಅದು ಸರಿಯಲ್ಲ. ಬದುಕನ್ನೂ ಮಾನವನ್ನೂ ಒಟ್ಟಿಗೆ ಕಸಿದರೆ ಯಾವ ನಾಡಿನ ಮನುಷ್ಯನೂ ಸಿಡಿಯುತ್ತಾನೆ.

ಆಳುವವರು ಇದರಿಂದ ಕಲಿಯಲಿಲ್ಲ. 1871ರಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತಿಸುವ ಕಾಯ್ದೆ ಬಂದಿತು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ಅಂತಹ ಸಮುದಾಯಗಳನ್ನು ಇಡಲು ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ತಲೆಯೆತ್ತಿತು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯ್ದೆಯನ್ನು ರದ್ದುಗೊಳಿಸಿತು. ಕಾಗದದ ಮೇಲಿನ ಹಣೆಪಟ್ಟಿ ಅಂದು ಹರಿಯಿತು, ಜನರ ಬಾಯಲ್ಲಿದ್ದ ಹಣೆಪಟ್ಟಿ ಹರಿಯಲು ಇನ್ನೂ ಕಾಲ ಬೇಕಾಗಿದೆ.

ಹಣೆಪಟ್ಟಿಯ ನೋವು ನಮಗೂ ಹೊಸದಲ್ಲ. ‘ನಿಮ್ಮವರೆಲ್ಲ ಹೀಗೆಯೇ’ ಎಂಬ ಮಾತನ್ನು ಬಸ್ಸಿನಲ್ಲಿ, ಕಚೇರಿಯಲ್ಲಿ, ಬಾಡಿಗೆ ಮನೆ ಹುಡುಕುವಾಗ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ನೋವನ್ನು ಬಲ್ಲ ನಾವು ಬೇರೆ ಸಮುದಾಯದ ಬಗ್ಗೆ ಅಂತಹದೇ ಮಾತು ಆಡಬಹುದೇ? ಒಂದು ಜನವರ್ಗ ಇನ್ನೊಂದನ್ನು ಗೇಲಿ ಮಾಡಬಾರದು, ಅವರು ಇವರಿಗಿಂತ ಉತ್ತಮರಾಗಿರಬಹುದು ಎಂಬುದು ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನ 11ನೆಯ ಸೂಕ್ತದ ಆದೇಶ; ಕೆಟ್ಟ ಅಡ್ಡಹೆಸರುಗಳನ್ನೂ ಅದು ನಿಷೇಧಿಸುತ್ತದೆ. ಜನತೆಯೊಂದು ತನ್ನ ಅಂತರಂಗವನ್ನು ತಾನೇ ಬದಲಿಸಿಕೊಳ್ಳದೆ ಅಲ್ಲಾಹನು ಅದರ ಸ್ಥಿತಿಯನ್ನು ಬದಲಿಸುವುದಿಲ್ಲ ಎಂಬುದು ಸೂರಃ ಅರ್‌ರಅ್‌ದ್‌ನ 11ನೆಯ ಸೂಕ್ತದ ಬೋಧನೆ. ಜನರ ಅಂತರಂಗ ಬದಲಾಗಬಲ್ಲದು ಎಂಬುದು ಅದರ ತಳಹದಿ.

ರಾಜ್ಯನೀತಿ ನಮ್ಮ ಕೈಯಲ್ಲಿಲ್ಲ, ಮನೆಯ ನೀತಿ ನಮ್ಮ ಕೈಯಲ್ಲಿದೆ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದ ಮಗ, ಅಂಗಡಿಯಲ್ಲಿ ನಷ್ಟ ಮಾಡಿಕೊಂಡ ತಮ್ಮ, ಮದುವೆ ಮುರಿದು ತವರಿಗೆ ಮರಳಿದ ಮಗಳು ಬಾಗಿಲಲ್ಲಿ ನಿಂತಾಗ ನಾವು ಮೊದಲು ಆಡುವ ಮಾತು ಯಾವುದು? ಬಾದಾಮಿಯ ಸೇನಾನಿಗೆ ಸಿಕ್ಕ ಉಡುಪೋ, ಮುಅ್‌ತಾದಿಂದ ಮರಳಿದವರಿಗೆ ಸಿಕ್ಕ ಹೆಸರೋ? ಅವರು ಮುಂದೆ ಎಂತಹವರಾಗುತ್ತಾರೆ ಎಂಬುದು ಬಹುಮಟ್ಟಿಗೆ ಆ ಒಂದು ಮಾತನ್ನೇ ಅವಲಂಬಿಸಿರುತ್ತದೆ.