ಸೋಲಿಗರ ಕಾಡುಫಲ

ಸರ್ಕಾರದ ಕಡತಗಳಲ್ಲಿ ‘ಕಿರು ಅರಣ್ಯ ಉತ್ಪನ್ನ’ ಎಂಬ ಮಾತೊಂದುಂಟು. ಮರಮುಟ್ಟನ್ನು ಬಿಟ್ಟು ಕಾಡಿನಲ್ಲಿ ದೊರೆಯುವ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂ ಮೊದಲಾದುವೆಲ್ಲ ಆ ಹೆಸರಿನಲ್ಲಿ ಅಡಗಿವೆ. ತೇಗ, ಬೀಟೆ, ಶ್ರೀಗಂಧಗಳ ಹಣವನ್ನೆಣಿಸುವ ಬೊಕ್ಕಸಕ್ಕೆ ಇವು ಕಿರಿದಾಗಿ ಕಂಡುದರಲ್ಲಿ ಆಶ್ಚರ್ಯವೇನು? ಬಿಳಿಗಿರಿಯ ರಂಗನಾಥನನ್ನು ಭಾವನೆಂದು ಕರೆಯುವ ಸೋಲಿಗರಿಗಾದರೋ ಇವೇ ಹಿರಿಯವು.

ಈ ಬೆಟ್ಟಸಾಲಿಗೆ ಬಹುಕಾಲ ಇಬ್ಬರು ಒಡೆಯರಿದ್ದರು. ಪಶ್ಚಿಮದ ಎಳಂದೂರು ಸೀಮೆಯನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಕೊಳ್ಳೇಗಾಲದ ಕಡೆಯದು 1956ರವರೆಗೂ ಮದರಾಸಿನ ಆಳ್ವಿಕೆಗೆ ಸೇರಿತ್ತು. ಹೆಜ್ಜೇನಿಗೆ ಈ ಗಡಿಯ ಅರಿವಿರಲಿಲ್ಲ. ಎರಡು ಕಡೆಯೂ ಕಾಯಿದೆ ಹೇಳಿದುದು ಒಂದೇ ಮಾತು: ಕಾಡು ಸರ್ಕಾರದ್ದು. ಫಲವನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರನಿಗೆ ಲಾಭ ಸಂದಿತು, ಮರವೇರಿದವನಿಗೆ ಕೂಲಿ. ಈ ಕೊರತೆಯನ್ನು ನೀಗಲೆಂದು ಬಂದುವು ಗಿರಿಜನರ ಸಹಕಾರ ಸಂಘಗಳು. ಅಷ್ಟರಲ್ಲಿ, 1974ರಲ್ಲಿ, ಬೆಟ್ಟವು ಅಭಯಾರಣ್ಯವಾಗಿ ಬೇಟೆಯೂ ಕುಮರಿ ಬೇಸಾಯವೂ ನಿಂತುವು. ಆಮೇಲೆ ಪೋಡುಗಳ ಒಲೆ ಉರಿಯುವುದಕ್ಕೆ ಕೂಲಿಯೊಡನೆ ಈ ಫಲಗಳೇ ಮುಖ್ಯ ಆಧಾರವಾದುವು.

ಕೊಯ್ಲು ಹೆಚ್ಚಾದರೆ ಕಾಡು ಬಡವಾಗುವುದಲ್ಲವೆ ಎಂದು ಶ್ರೋತೃಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೊಂಬೆಯನ್ನೇ ಕಡಿದು ನೆಲ್ಲಿ ಕೊಯ್ದರೆ ಮರಕ್ಕೆ ಹಾನಿ ನಿಶ್ಚಯ. ಆದರೆ ಬಿಳಿಗಿರಿಯ ನೆಲ್ಲಿಗೆ ಕೊಯ್ಲಲ್ಲದೆ ಬೇರೆ ಶತ್ರುಗಳೂ ಇವೆ. ಒಂದು, ಕೊಂಬೆಯ ಮೇಲೆ ಬೇರೂರಿ ರಸ ಹೀರುವ ಬಂದಳಿಕೆ. ಸೋಲಿಗರು ಇದನ್ನು ಉಪ್ಪಿಲು ಎನ್ನುವರು. ಇನ್ನೊಂದು, ಸಸಿಗಳಿಗೆ ನೆಲವನ್ನೇ ಬಿಡದ ಲಾಂಟಾನ ಎಂಬ ಪರದೇಶದ ಪೊದೆ. ಹಿಂದೆ ಬೇಸಗೆಯ ಮೊದಲಲ್ಲಿ ಸೋಲಿಗರು ‘ತರಗು ಬೆಂಕಿ’ಯಿಡುತ್ತಿದ್ದರು. ಮೊಣಕಾಲೆತ್ತರದ ಆ ಉರಿ ಒಣಗಿದೆಲೆಯನ್ನು ಸುಟ್ಟು ಇವೆರಡನ್ನೂ ಹದ್ದಿನಲ್ಲಿಡುತ್ತಿತ್ತೆಂಬುದು ಅವರ ಹಿರಿಯರ ಮಾತು. ಬೆಂಕಿ ನಿಷಿದ್ಧವಾಯಿತು. 1997ರಿಂದ 2008ರೊಳಗೆ ಲಾಂಟಾನದ ಹರವು ಸುಮಾರು ಇಮ್ಮಡಿಯಾದುದನ್ನು ವಿಜ್ಞಾನಿಗಳು ಅಳೆದು ತೋರಿಸಿದರು. ಹಿರಿಯರ ಮಾತನ್ನು ಅಜ್ಞಾನವೆಂದು ತಳ್ಳಿಬಿಡುವುದು ಇನ್ನು ಸುಲಭವಲ್ಲ.

ಹೀಗಿದ್ದರೂ 2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾದ ತರುವಾಯ ಮಾರಾಟದ ಕೊಯ್ಲಿಗೇ ತಡೆ ಬಂದಿತು. ಪೊದೆ ಉಳಿಯಿತು, ಸೋಲಿಗನ ವರಮಾನ ಹೋಯಿತು! 2006ರ ಅರಣ್ಯಹಕ್ಕುಗಳ ಕಾಯಿದೆಯು ಬೇರೊಂದು ನ್ಯಾಯವನ್ನು ಹೇಳಿತು: ಕಿರು ಉತ್ಪನ್ನದ ಒಡೆತನ ಕಾಡಿನಲ್ಲಿ ಬಾಳುವವರದು. ಅಲ್ಲಿಂದ ಐದು ವರ್ಷಗಳ ಅಲೆದಾಟ. ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲಿಯೇ, ಅಕ್ಟೋಬರಿನಲ್ಲಿ, 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತುವು. ಹುಲಿಗಳಿಗೆ ಮೀಸಲಾದ ಕಾಡಿನಲ್ಲಿ ಇಂಥ ಹಕ್ಕು ಮನ್ನಣೆ ಪಡೆದುದು ದೇಶದಲ್ಲಿ ಅದೇ ಮೊದಲು.

ಜೇನು, ನೆಲ್ಲಿಗಳನ್ನು ಕೂಡಿಸುವ ಹಕ್ಕು ಹೀಗೆ ಕಾಗದದ ಮೇಲೆ ಮರಳಿತು. ತರಗಿಗೆ ಬೆಂಕಿಯಿಡುವುದು ಮಾತ್ರ 1972ರ ಕಾಯಿದೆಯ ಕಣ್ಣಿನಲ್ಲಿ ಈಗಲೂ ಅಪರಾಧವೇ.