ಕೋಟಿನ ಮಡಿಕೆಯೂ ಒಂಟಿ ಕಾಜವೂ

ಕೊರಳಪಟ್ಟಿಯಿಂದ ಇಳಿದು ಕೋಟಿನ ಎದೆಯ ಮೇಲೆ ಹೊರಕ್ಕೆ ಮಗುಚಿಕೊಂಡಿರುವ ಮಡಿಕೆಗೆ ದರ್ಜಿಗಳು ಲ್ಯಾಪೆಲ್ ಎನ್ನುವರು. ಅದರ ಎಡಭಾಗದಲ್ಲಿ ಒಂದು ಕಾಜವಿರುತ್ತದೆ; ಎದುರಿಗೆ ಗುಂಡಿ ಮಾತ್ರ ಇರುವುದಿಲ್ಲ. ಹೂ ಸಿಕ್ಕಿಸುವುದಕ್ಕಾಗಿಯೇ ಅದು ಹುಟ್ಟಿತೆಂದು ಅನೇಕರ ನಂಬಿಕೆ. ಸಂಗತಿ ಬೇರೆ.

ಹದಿನೆಂಟನೆಯ ಶತಮಾನದ ಯೂರೋಪಿನ ಸಿಪಾಯಿಗಳ ಕೋಟಿನ ಅಂಚುಗಳನ್ನು ಚಳಿಮಳೆಯಲ್ಲಿ ಎದೆಯ ಮೇಲೆ ಒಂದರ ಮೇಲೊಂದಾಗಿ ಮುಚ್ಚಬಹುದಾಗಿತ್ತು. ಉಳಿದ ವೇಳೆಯಲ್ಲಿ ಅವನ್ನು ಹೊರಕ್ಕೆ ಮಗುಚಿ ಗುಂಡಿ ಹಾಕುತ್ತಿದ್ದರು. ಆಗ ಹೊರಗೆ ಕಾಣುತ್ತಿದ್ದ ಅಸ್ತರಿನ ಬಣ್ಣವೇ ಪಟಾಲಮಿನ ಗುರುತಾಯಿತು. ಕ್ರಮೇಣ ಮಡಿಕೆಯನ್ನು ಬಿಚ್ಚುವ ರೂಢಿಯೇ ತಪ್ಪಿತು. ದರ್ಜಿಯು ಒಳಗೆ ಗಟ್ಟಿಬಟ್ಟೆಯನ್ನಿಟ್ಟು ಅದನ್ನು ಮಡಿಚಿದಂತೆಯೇ ನಿಲ್ಲಿಸಿದನು. ಕೊರಳ ಗುಂಡಿ ಹೋಯಿತು; ಕಾಜ ಉಳಿಯಿತು.

ನಮ್ಮ ಕೊಪ್ಪ, ಶೃಂಗೇರಿಗಳ ಮಳೆಗಾಲದಲ್ಲಿ ಎದೆ ತೆರೆದ ಉಡುಪಿಗೆ ಅರ್ಥವೆಲ್ಲಿಯದು? ಗದ್ದೆಯಲ್ಲಿ ಗೊರಬು, ದಾರಿಯಲ್ಲಿ ಕಂಬಳಿಕೊಪ್ಪೆ. (ಊರಿನ ಹೆಸರಿಗೂ ಈ ಕೊಪ್ಪೆಗೂ ನಂಟು ಕಲ್ಪಿಸುವ ಸಾಹಸ ನನಗೆ ಬೇಡ.) ಶೃಂಗೇರಿಯ ಮಠದಲ್ಲಿ ಪಾದಪೂಜೆಗೆ ಕೂರುವವರಿಗೆ ಪಂಚೆ ಶಲ್ಯಗಳೇ ಹೊರತು ಹೊಲಿದ ಅಂಗಿಯಿಲ್ಲ. ಆದ್ದರಿಂದ ಕೋಟೆಂಬುದು ಕಚೇರಿ, ಪಾಠಶಾಲೆ, ಮದುವೆಮನೆಗಳ ವಸ್ತ್ರವಾಗಿ ಬಂದಿತು. ಅದೂ ಪಂಚೆಯ ಮೇಲೆ, ಕೊರಳವರೆಗೂ ಗುಂಡಿ ಹಾಕಿದ ಮುಚ್ಚುಕೋಟಾಗಿ. ತಲೆಗೆ ರುಮಾಲು ಇದ್ದೇ ಇರುತ್ತಿತ್ತು.

ಎಡೇಹಳ್ಳಿಯು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದು ನರಸಿಂಹರಾಜಪುರವಾದುದು ೧೯೧೫ರಲ್ಲಿ. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಗಳಲ್ಲಿ ಮಡಿಕೆಯ ಕೋಟು, ಟೈ, ಮೈಸೂರು ಪೇಟ ಮೂರೂ ಒಟ್ಟಿಗೆ ಕಾಣುತ್ತವೆ. ಆ ಕೂಟವು ಅವರಿಗೆ ಒಪ್ಪಿತು. ಆದರೆ ಬರಬರುತ್ತ, ತೆರೆದ ಕೋಟು ಸುಧಾರಿಸಿದವರ ಲಕ್ಷಣವೆಂದೂ ಮುಚ್ಚುಕೋಟು ಹಳೆಯ ಶಾನುಭೋಗಿಕೆಯ ಲಕ್ಷಣವೆಂದೂ ಒಂದು ಎಣಿಕೆ ನಮ್ಮಲ್ಲಿ ಬೇರೂರಿತು. ಇದು ತಾಯಿಯನ್ನು ಮಗಳ ಮುಂದೆ ಹಳಿದಂತೆ. ತೆರೆದ ಕೋಟು ಮುಚ್ಚಿದ ಕೋಟಿನಿಂದಲೇ ಹುಟ್ಟಿದ್ದಲ್ಲವೇ? ಹೂವಿನ ಮಾತೆತ್ತುವವರಿಗೂ ಒಂದು ಉತ್ತರವಿದೆ: ಜವಾಹರಲಾಲ್ ನೆಹರೂ ಅವರು ಗುಲಾಬಿಯನ್ನು ಸಿಕ್ಕಿಸುತ್ತಿದ್ದುದು ಮುಚ್ಚುಕೋಟಿನ ಕಾಜದಲ್ಲಿ.

ಅಜ್ಜನ ಮುಚ್ಚುಕೋಟು ಪೆಟ್ಟಿಗೆಯಲ್ಲಿ ಉಳಿದಿರುವ ಮನೆಯವರು, ಚೀಲಕ್ಕೆಂದು ಅದಕ್ಕೆ ಕತ್ತರಿಯಿಡುವ ಮೊದಲು, ಮೇಲಿನ ಎರಡು ಗುಂಡಿಗಳನ್ನು ಬಿಚ್ಚಿ ಅಂಚುಗಳನ್ನು ಎರಡು ಕಡೆಗೂ ಮಗುಚಿ ನೋಡಬೇಕು. ಎಡಗಡೆಯ ಮೇಲಿನ ಕಾಜವು, ಈಗಿನ ಕೋಟಿನಲ್ಲಿ ಅದು ಇರುವ ಕಡೆಗೇ ಹೆಚ್ಚುಕಡಮೆ ಬಂದು ನಿಲ್ಲುವುದು.