ಹಗೇವಿನ ರಾಗಿ, ಬಿಡದಿಯ ಕಾರು

ನನ್ನ ಸೋದರಮಾವ ಮಾಗಡಿ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಲೇತ್ ಓಡಿಸಿದವರು. ಹದಿನೈದು ವರ್ಷದ ಹಿಂದೆ ಅವರ ಶೆಡ್ಡಿಗೆ ‘ಜಪಾನ್ ಪದ್ಧತಿ’ ಬಂತು. ಕಲಿಸಲು ಬಂದವರು ಎರಡು ದಿನ ಮೂಲೆಮೂಲೆ ಓಡಾಡಿ, ಬೇಡದ ಸಾಮಾನಿಗೆಲ್ಲ ಕೆಂಪು ಚೀಟಿ ಅಂಟಿಸಿದರು. ಮುರಿದ ಡ್ರಿಲ್ ಬಿಟ್ಟು, ತುಕ್ಕು ಹಿಡಿದ ಕಬ್ಬಿಣ, ಯಾವ ಕಾಲದ್ದೋ ಬೆಲ್ಟು, ಎಲ್ಲ ಗುಜರಿಗೆ ಹೋಯಿತು. ಕೊನೆಗೆ ಮಾವ ಕೂರುತ್ತಿದ್ದ ಮರದ ಸ್ಟೂಲಿಗೂ ಒಂದು ಕೆಂಪು ಚೀಟಿ ಬಿತ್ತು.

“ಗುಜರಿ ಹೋಗಿದ್ದು ಒಳ್ಳೇದೇ ಆಯ್ತು ಅಳಿಯ, ಕಾಲಿಡಕ್ಕೆ ಜಾಗ ಆಯ್ತು. ಸ್ಟೂಲು ಹೆಂಗೆ ದಂಡ ಅನ್ನೋದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ” ಅನ್ನುತ್ತಾರೆ.

ದಂಡ. ಟೈಮ್ ದಂಡ, ದುಡ್ಡು ದಂಡ ಎಂದು ನಾವು ದಿನಾ ಆಡುವ ಮಾತು. ಜಪಾನಿನವರು ಅದನ್ನೇ ‘ಮುದ’ ಎನ್ನುತ್ತಾರೆ. ನಮ್ಮಲ್ಲಿ ಮುದ ಅಂದರೆ ಸಂತೋಷ. ಅವರಲ್ಲಿ ಅದು ಕಿತ್ತೊಗೆಯಬೇಕಾದ ಕಸ.

ಈ ಕತೆ ಶುರುವಾಗುವುದು ಕಾರಿನಿಂದಲ್ಲ, ಮಗ್ಗದಿಂದ. ಸಕಿಚಿ ತೊಯೋದಾ ಎಂಬ ಬಡಗಿಯ ಮಗ, ತಾಯಿ ಕೈಮಗ್ಗದಲ್ಲಿ ಪಡುತ್ತಿದ್ದ ಕಷ್ಟ ನೋಡುತ್ತಾ ಬೆಳೆದವನು. ದೊಡ್ಡಬಳ್ಳಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪವರ್‌ಲೂಮಿನಲ್ಲಿ ಒಂದು ಎಳೆ ಹರಿದದ್ದು ಕಣ್ಣಿಗೆ ಬೀಳದಿದ್ದರೆ ಗಜಗಟ್ಟಲೆ ಬಟ್ಟೆ ಕೆಡುತ್ತದೆ. ಸಕಿಚಿ 1924ರಲ್ಲಿ ಮುಗಿಸಿದ ಮಗ್ಗ, ಎಳೆ ಹರಿದ ಕೂಡಲೇ ತಾನೇ ನಿಲ್ಲುತ್ತಿತ್ತು. ಯಂತ್ರವನ್ನು ಕಾಯುತ್ತಾ ಯಾರೂ ನಿಲ್ಲಬೇಕಿರಲಿಲ್ಲ. 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿ ಅದರ ಪೇಟೆಂಟ್ ಹಕ್ಕು ಕೊಂಡಿತು. ಸಕಿಚಿಯ ಮಗ ಕೀಚಿರೋ 1937ರಲ್ಲಿ ಕಾರಿನ ಕಂಪನಿ ಕಟ್ಟಿದರು. ಅದೇ ಟೊಯೋಟಾ.

ಯುದ್ಧದಲ್ಲಿ ಸೋತ ಜಪಾನಿನಲ್ಲಿ ಆ ಕಂಪನಿ 1950ರ ಹೊತ್ತಿಗೆ ಮುಳುಗುವ ಹಂತಕ್ಕೆ ಬಂತು. ಮುಷ್ಕರವಾಯಿತು, ಸುಮಾರು ಎರಡು ಸಾವಿರ ಜನ ಕೆಲಸ ಬಿಡಬೇಕಾಯಿತು, ಕೀಚಿರೋ ತಾವೂ ರಾಜೀನಾಮೆ ಕೊಟ್ಟರು. ಸ್ಟಾಕು ಮಾಡಿ ಇಡಲು ಕೈಯಲ್ಲಿ ಕಾಸಿರಲಿಲ್ಲ. ಅಂಥ ಕಾಲದಲ್ಲಿ ತೈಚಿ ಓನೋ ಎಂಬ ಎಂಜಿನಿಯರ್ ಹಟ ಹಿಡಿದು ಕಟ್ಟಿದ್ದು ಈ ಪದ್ಧತಿ. ಅಮೆರಿಕದ ಸೂಪರ್‌ಮಾರ್ಕೆಟ್ಟಿನಲ್ಲಿ ಗಿರಾಕಿ ತೆಗೆದುಕೊಂಡಷ್ಟನ್ನು ಮಾತ್ರ ಮತ್ತೆ ತುಂಬಿಸಿಡುತ್ತಾರಲ್ಲ, ಹಾಗೇ ಫ್ಯಾಕ್ಟರಿಯಲ್ಲೂ ಮುಂದಿನವನು ಎತ್ತಿಕೊಂಡಷ್ಟನ್ನೇ ಹಿಂದಿನವನು ಮಾಡಬೇಕು ಎಂದರು. ಬೇಕಾದ್ದಕ್ಕಿಂತ ಹೆಚ್ಚು ಮಾಡುವುದೇ ಎಲ್ಲಕ್ಕಿಂತ ದೊಡ್ಡ ದಂಡ. ಅದರಿಂದಲೇ ಗೋಡೌನು, ಹೊತ್ತು ಸಾಗಿಸುವ ಕೂಲಿ, ಮೂಲೆಯಲ್ಲಿ ಕೊಳೆಯುವ ಮಾಲು ಎಲ್ಲ ಹುಟ್ಟುತ್ತವೆ. ಸುಮ್ಮನೆ ಕಾಯುವುದು, ಸುಮ್ಮನೆ ನಡೆಯುವುದು, ಕೆಟ್ಟದ್ದನ್ನು ತಿರುಗಿ ಮಾಡುವುದು ಕೂಡ ಅವರ ಪಟ್ಟಿಯಲ್ಲಿದ್ದವು.

ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಕೂತವರು ಇದನ್ನು ಕಣ್ಣಾರೆ ನೋಡಿದ್ದೀರಿ. ಗಿರಾಕಿ ಬಂದಂತೆ ಹಬೆಯಿಂದ ತಟ್ಟೆ ಇಳಿಯುತ್ತದೆ. ಮದುವೆ ಮನೆಯಲ್ಲಿ ಸಾವಿರ ಎಲೆಗೆ ಅಡುಗೆ ಮಾಡಿ ಇನ್ನೂರು ಎಲೆಯದ್ದನ್ನು ತಿಪ್ಪೆಗೆ ಸುರಿಯುವುದೂ ನಮಗೆ ಗೊತ್ತು.

ಇತ್ತ ನಮ್ಮ ಪಶ್ಚಿಮ ಬೆಂಗಳೂರು ನಡೆದು ಬಂದದ್ದು ಬೇರೆ ದಾರಿಯಲ್ಲಿ. ರಾಜಾಜಿನಗರ 1949ರಲ್ಲಿ ಕೈಗಾರಿಕೆಗೆಂದೇ ಶುರುವಾದ ಬಡಾವಣೆ. ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರು ಅದಕ್ಕೆ. 1960ರಲ್ಲಿ ಸಣ್ಣ ಕೈಗಾರಿಕೆಗಳಿಗಾಗಿ ಕೆಎಸ್‌ಎಸ್‌ಐಡಿಸಿ ಬಂತು. ಶೆಡ್ಡು ಕಟ್ಟಿಕೊಡುವುದು, ಕಚ್ಚಾ ಮಾಲು ಒದಗಿಸುವುದು ಅದರ ಕೆಲಸ, ಕಚೇರಿ ರಾಜಾಜಿನಗರದಲ್ಲೇ. ಎಚ್‌ಎಂಟಿ, ಬಿಇಎಲ್, ಐಟಿಐ ತರದ ದೊಡ್ಡ ಸರ್ಕಾರಿ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ನೂರಾರು ಶೆಡ್ಡುಗಳು ಈ ಕಡೆ ಎದ್ದವು. ಮುಂದೆ ಪೀಣ್ಯವೂ ಬೆಳೆಯಿತು.

ಆ ಕಾಲದಲ್ಲಿ ಮಾಲು ಕೂಡಿಡುವುದೇ ಜಾಣತನ. ಉಕ್ಕಿನ ಬೆಲೆ ಮತ್ತು ಹಂಚಿಕೆಯ ಮೇಲೆ 1992ರವರೆಗೂ ಸರ್ಕಾರದ ಹಿಡಿತವಿತ್ತು. ಇವತ್ತು ಸಿಕ್ಕ ರೌಂಡ್ ಬಾರ್ ಮುಂದಿನ ತಿಂಗಳು ಸಿಗುತ್ತದೆ ಎಂಬ ನಂಬಿಕೆ ಇರಲಿಲ್ಲ, ಸಿಕ್ಕರೂ ಕರೆಂಟು ಇರಬೇಕಲ್ಲ. ಹಾಗಾಗಿ ಸಿಕ್ಕಾಗ ತಂದು ಒಟ್ಟಿದರು. ಮಾವನ ಶೆಡ್ಡಿನ ಗೋಡೆಗೆ ಒರಗಿದ್ದ ಕಬ್ಬಿಣ ಸೋಮಾರಿತನದಿಂದ ಬಂದದ್ದಲ್ಲ.

ನಮ್ಮ ಹಳ್ಳಿಯ ಹಗೇವು ನೆನಪು ಮಾಡಿಕೊಳ್ಳಿ. ಗಟ್ಟಿ ನೆಲದಲ್ಲಿ ಆಳದ ಗುಂಡಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಸಣ್ಣ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮೊದಲು ಗಾಳಿಯಾಡಲು ಬಿಟ್ಟು, ಆಮೇಲೆ ಒಳಗೆ ಇಳಿಯುತ್ತಿದ್ದರು. ಓನೋ ಬಂದು ನೋಡಿದ್ದರೆ ಅದಕ್ಕೂ ಕೆಂಪು ಚೀಟಿ ಅಂಟಿಸುತ್ತಿದ್ದರೇನೋ. ಆದರೆ ಮಳೆ ಕೈಕೊಟ್ಟ ವರ್ಷ ಊರು ಉಳಿಸಿದ್ದು ಅದೇ.

ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬಿಡದಿಯಲ್ಲಿ 1999ರ ಡಿಸೆಂಬರ್‌ನಿಂದ ಕಾರು ತಯಾರಾಗತೊಡಗಿತು. ಮೊದಲು ಬಂದದ್ದು ಕ್ವಾಲಿಸ್. ಬಿಡಿಭಾಗ ಮಾಡುವ ಕಂಪನಿಗಳೂ ಪಕ್ಕದಲ್ಲೇ ಬಂದು ಕೂತವು. ಇಲ್ಲಿ ತಿಂಗಳಿಗಾಗುವಷ್ಟು ಮಾಲು ತಂದು ಒಟ್ಟುವಂತಿಲ್ಲ, ಹೊತ್ತಿಗೆ ಸರಿಯಾಗಿ ಬೇಕಾದಷ್ಟೇ ಬರಬೇಕು. 2007ರಲ್ಲಿ ಅಲ್ಲೇ ತರಬೇತಿ ಸಂಸ್ಥೆ ಶುರುವಾಯಿತು. ಹತ್ತನೇ ತರಗತಿ ಪಾಸಾದ ಹಳ್ಳಿ ಮಕ್ಕಳಿಗೆ ಮೂರು ವರ್ಷ ಅಲ್ಲೇ ಉಳಿಸಿಕೊಂಡು ಕಲಿಸುತ್ತಾರೆ. ಹಾಗೆ ಕಲಿತ ಮಕ್ಕಳು ಎಷ್ಟೋ ಹಳ್ಳಿಗಳಲ್ಲಿದ್ದಾರೆ.

ಈ ಪದ್ಧತಿಗೆ ‘ಲೀನ್’ ಎಂಬ ಹೆಸರು ಜಪಾನಿನದಲ್ಲ. 1988ರಲ್ಲಿ ಜಾನ್ ಕ್ರಾಫ್ಚಿಕ್ ಎಂಬ ಅಮೆರಿಕದ ಸಂಶೋಧಕ ಇಟ್ಟದ್ದು. ಬೊಜ್ಜಿಲ್ಲದ ಮೈ ಎಂದು ಅರ್ಥ. ಹೆಸರು ಚೆನ್ನಾಗಿದೆ, ಆದರೆ ಅದು ಅರ್ಧ ಕತೆ ಮಾತ್ರ ಹೇಳುತ್ತದೆ. ಟೊಯೋಟಾದವರು ‘ಮುದ’ದ ಜೊತೆಗೆ ಇನ್ನೆರಡು ಮಾತು ಹೇಳುತ್ತಾರೆ: ‘ಮುರ’ ಅಂದರೆ ಏರುಪೇರು, ‘ಮುರಿ’ ಅಂದರೆ ಮನುಷ್ಯನ ಮೇಲೋ ಯಂತ್ರದ ಮೇಲೋ ಶಕ್ತಿ ಮೀರಿ ಹೇರುವ ಭಾರ. ಈ ಮೂರನ್ನೂ ತೆಗೆಯಬೇಕು. ತಪ್ಪು ಕಂಡರೆ ಹಗ್ಗ ಎಳೆದು ಇಡೀ ಲೈನು ನಿಲ್ಲಿಸುವ ಅಧಿಕಾರ ಕೆಲಸದವನಿಗೇ ಇದೆ. ನನಗೆ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಹಗ್ಗ. ನಮ್ಮ ಸಣ್ಣ ಶೆಡ್ಡುಗಳಿಗೆ ಬಂದು ಮುಟ್ಟುವಾಗ ಕೆಂಪು ಚೀಟಿ ಬರುತ್ತದೆ, ಹಗ್ಗ ಬರುವುದಿಲ್ಲ.

ಬಿಡದಿಯಲ್ಲೂ ಎಲ್ಲ ನುಣ್ಣಗೆ ನಡೆದಿಲ್ಲ. 2006ರಲ್ಲಿ, 2014ರಲ್ಲಿ, ಮತ್ತೆ 2020ರ ನವೆಂಬರ್‌ನಲ್ಲಿ ಲಾಕೌಟ್ ಆಯಿತು. ಕೊನೆಯ ಸಲ ಕಾರ್ಮಿಕರ ಮುಖ್ಯ ದೂರು ಕೆಲಸದ ಹೊರೆ ವಿಪರೀತವಾಗಿದೆ ಎಂಬುದಾಗಿತ್ತು, ಶೌಚಕ್ಕೆ ಹೋಗಲೂ ಹೊತ್ತು ಸಾಲದು ಎಂದರು. ಕಂಪನಿ ಅದನ್ನು ಒಪ್ಪಲಿಲ್ಲ, ಮುಷ್ಕರವೇ ಕಾನೂನುಬಾಹಿರ ಎಂದಿತು. ಮೂರು ತಿಂಗಳಿಗೂ ಹೆಚ್ಚು ಎಳೆದಾಡಿ ಮುಗಿಯಿತು. ಯಾರದು ಸರಿ ಎಂದು ನಾನು ಇಲ್ಲಿ ತೀರ್ಪು ಕೊಡುವುದಿಲ್ಲ. ಜಗಳ ನಡೆದದ್ದು ಮಾತ್ರ ಆ ಮೂರನೇ ಮಾತಿನ ಮೇಲೆ.

ಹಗೇವಿನ ವಿಷಯಕ್ಕೆ ಮತ್ತೆ ಬರುತ್ತೇನೆ. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಆದಾಗ ಬಿಡಿಭಾಗ ಬರುವುದು ನಿಂತಿತು. ಬಿಡದಿಯಲ್ಲೂ ಉತ್ಪಾದನೆ ಇಳಿಸಬೇಕಾಯಿತು. ಪೆಟ್ಟು ತಿಂದ ಟೊಯೋಟಾ, ಕೆಲವು ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿಗಾಗುವಷ್ಟು ಕೂಡಿಡಿ ಎಂದು ಸರಬರಾಜುದಾರರಿಗೆ ಹೇಳಿತು. 2021ರಲ್ಲಿ ಜಗತ್ತಿಗೇ ಚಿಪ್ ಕೊರತೆ ಬಂದಾಗ ಉಳಿದ ಕಂಪನಿಗಳು ಮೊದಲೇ ಕೂತವು, ಟೊಯೋಟಾ ಇನ್ನಷ್ಟು ತಿಂಗಳು ತಡೆದುಕೊಂಡು ಆಮೇಲೆ ಇಳಿಸಿತು. ದಂಡ ಎಂದರೇನು ಎಂದು ಜಗತ್ತಿಗೆ ಕಲಿಸಿದವರೇ ಕೊನೆಗೆ ಒಂದು ಹಗೇವು ತೋಡಿಸಿದರು.

ಅದನ್ನು ತುಂಬಿಸುವ ಖರ್ಚು ಯಾರದು ಎಂಬುದು ಬೇರೆ ಮಾತು. ಮಾವನ ಶೆಡ್ಡಿನಿಂದ ಮಾಲು ಕೊಳ್ಳುತ್ತಿದ್ದ ದೊಡ್ಡ ಕಂಪನಿಯೊಂದು ತನ್ನ ಗೋಡೌನು ಖಾಲಿ ಮಾಡಿಕೊಂಡಿತು. ಆಮೇಲೆ ಅದು ಯಾವಾಗ ಕೇಳಿದರೆ ಆಗ ಕೊಡಲು, ಇವರು ತಮ್ಮ ಶೆಡ್ಡಿನಲ್ಲಿ ಮಾಲು ಮಾಡಿ ಇಟ್ಟುಕೊಂಡು ಕಾಯಬೇಕಾಯಿತು, ಅದೂ ಬಡ್ಡಿ ದುಡ್ಡು ಹಾಕಿ. ದಂಡ ಹೋಗಲಿಲ್ಲ, ಮನೆ ಬದಲಿಸಿತು.

ಸಣ್ಣ ಕೈಗಾರಿಕೆಗಳಿಗೆ ಲೀನ್ ಕಲಿಸುವ ಕೇಂದ್ರ ಸರ್ಕಾರದ ಯೋಜನೆ 2009ರ ಹೊತ್ತಿಗೆ ಶುರುವಾಗಿತ್ತು. 2023ರ ಮಾರ್ಚ್‌ನಲ್ಲಿ ಅದನ್ನು ಹೊಸದಾಗಿ ತಂದಿದ್ದಾರೆ. ಕಲಿಸುವವರ ಖರ್ಚಿನಲ್ಲಿ ಶೇ 90ರಷ್ಟನ್ನು ಸರ್ಕಾರವೇ ಕೊಡುತ್ತದೆ. ಕಾಮಾಕ್ಷಿಪಾಳ್ಯದಲ್ಲೋ ಪೀಣ್ಯದಲ್ಲೋ ಶೆಡ್ಡು ಇಟ್ಟವರು ನಿಮ್ಮ ಕಡೆಯವರಿದ್ದರೆ ಒಮ್ಮೆ ವಿಚಾರಿಸಲು ಹೇಳಿ. ಜಾಗ, ಕರೆಂಟು, ಕೆಡುವ ಮಾಲು ಉಳಿಯುವುದು ನಿಜ, ಮಾವನೇ ಒಪ್ಪುತ್ತಾರೆ.

ಹೋದ ತಿಂಗಳು ಆ ಕಡೆ ಹೋಗಿದ್ದಾಗ ಮಾವನ ಹಳೆ ಶೆಡ್ಡಿಗೆ ಹೋಗಿ ಬಂದೆ. ಲೇತ್ ಇದ್ದ ಜಾಗದಲ್ಲಿ ಸಿಎನ್‌ಸಿ ಯಂತ್ರ ಕೂತಿದೆ, ನೋಡಿಕೊಳ್ಳುವವನು ಕುಣಿಗಲ್ ಕಡೆಯ ಹುಡುಗ. ಊರಿಗೆ ಬಂದಾಗ ಮಾವ ಕೇಳಿದ ಮೊದಲ ಪ್ರಶ್ನೆ, “ಕೂರಕ್ಕೆ ಏನಾದ್ರೂ ಇಟ್ಟವ್ರಾ?”

ಖಾಲಿ ಪೇಂಟ್ ಡಬ್ಬ ಬೋರಲು ಹಾಕಿಕೊಂಡು ಕೂರುತ್ತಾನೆ ಎಂದೆ. ಯಾರಾದರೂ ನೋಡಲು ಬಂದ ದಿನ ಅದನ್ನು ಯಂತ್ರದ ಹಿಂದಕ್ಕೆ ತಳ್ಳಿಬಿಡುತ್ತಾನಂತೆ.